ಕಾಸರಕದ ದಿಬ್ಬದ ಕಡತಗಳು: ಟುವೊಲ್ ಸ್ಲೆಂಗ್ ಮ್ಯೂಸಿಯಂ ವಿಮರ್ಶೆ

ಅಂಕೋರ್ ವಾಟ್ ಮುಗಿಸಿ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ ಬರುವ ಪ್ಯಾಕೇಜ್ ಟೂರುಗಳು, ಖ್ಮೇರ್ ರೂಜ್ ಆಡಳಿತದಲ್ಲಿ ಜೈಲಾಗಿದ್ದು ಈಗ ಮ್ಯೂಸಿಯಂ ಆಗಿರುವ ಟುವೊಲ್ ಸ್ಲೆಂಗ್‌ಗೆ ಕೊಡುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಅಷ್ಟರಲ್ಲಿ ಕಬ್ಬಿಣದ ಮಂಚ, ಕಾಲುಕೋಳ, ಗೋಡೆ ತುಂಬ ಫೋಟೊ, ಗಾಜಿನ ಕಪಾಟಿನಲ್ಲಿ ತಲೆಬುರುಡೆ ನೋಡಿ ಆಗುತ್ತದೆ. ಹೊರಗೆ ಬಂದವರು ಮಾತಿಲ್ಲದೆ ಬಸ್ಸು ಹತ್ತುತ್ತಾರೆ. ಆದರೆ ಈ ಮ್ಯೂಸಿಯಂನ ನಿಜವಾದ ಆಸ್ತಿ ಆ ಕೋಣೆಗಳಲ್ಲಿಲ್ಲ, ಕಾಗದದಲ್ಲಿದೆ: 4,186 ತಪ್ಪೊಪ್ಪಿಗೆ ಹೇಳಿಕೆಗಳು, ಕೈದಿಗಳ 6,226 ಜೀವನವಿವರ ಹಾಳೆಗಳು, 6,147 ಫೋಟೊ ಮತ್ತು ನೆಗೆಟಿವ್‌ಗಳು. ಯುನೆಸ್ಕೊ ತನ್ನ ‘ವಿಶ್ವ ಸ್ಮೃತಿ’ ಪಟ್ಟಿಗೆ ಈ ಕಡತಗಳನ್ನು ಸೇರಿಸಿದ್ದು 2009ರಲ್ಲಿ. ಕಟ್ಟಡಕ್ಕೆ ವಿಶ್ವ ಪರಂಪರೆಯ ಸ್ಥಾನ ಸಿಕ್ಕಿದ್ದು ಹದಿನಾರು ವರ್ಷ ತಡವಾಗಿ, 2025ರ ಜುಲೈನಲ್ಲಿ. ಮೊದಲು ಕಾಗದ, ಆಮೇಲೆ ಕಟ್ಟಡ. ನೋಡುವವರೂ ಇದೇ ಕ್ರಮ ಹಿಡಿದರೆ ಒಳ್ಳೆಯದು ಎಂಬುದು ಈ ವಿಮರ್ಶೆಯ ಅಭಿಪ್ರಾಯ.

ಹೆಸರಿನಲ್ಲೇ ಕನ್ನಡ ಓದುಗರಿಗೆ ಕೆಲವು ಗುರುತು ಸಿಗುತ್ತವೆ. ‘ಟುವೊಲ್’ ಎಂದರೆ ದಿಬ್ಬ. ‘ಸ್ಲೆಂಗ್’ ಎಂದರೆ ನಮ್ಮ ಕಾಡುಗಳಲ್ಲೂ ಇರುವ ಕಾಸರಕ, ಬೀಜದಲ್ಲಿ ವಿಷವಿರುವ ಅದೇ ಮರ. ಖ್ಮೇರ್ ಭಾಷೆಯಲ್ಲಿ ಜನಾಂಗಹತ್ಯೆಗಿರುವ ಪದ ‘ಪ್ರಲೈ’ ಎಂದು ಶುರುವಾಗುತ್ತದೆ, ಅದು ಪ್ರಳಯವೇ. ಈ ಜೈಲನ್ನು ನಡೆಸಿದ ಗುಪ್ತ ಪೊಲೀಸ್ ಪಡೆಯ ಹೆಸರು ‘ಸಾಂತೆಬಾಲ್’. ಭದ್ರತೆಗೆ ಅವರು ಬಳಸುವ ‘ಸಾಂತೆಸೊಕ್’ ಮತ್ತು ಪೊಲೀಸರಿಗೆ ಬಳಸುವ ‘ನೊಕೊರ್‌ಬಾಲ್’ ಸೇರಿ ಆದ ಪದ ಅದು. ಬೇರು ಹುಡುಕಿದರೆ ಶಾಂತಿಸುಖ ಮತ್ತು ನಗರಪಾಲ. ಎಂಥ ಕೆಲಸಕ್ಕೆ ಎಂಥ ಹೆಸರು!

ಹಿನ್ನೆಲೆ ಬೇಕಾದವರಿಗೆ ಚುಟುಕಾಗಿ: 1975ರ ಏಪ್ರಿಲ್ 17ರಂದು ಪೋಲ್ ಪಾಟ್ ನಾಯಕತ್ವದ ಕಮ್ಯುನಿಸ್ಟ್ ಖ್ಮೇರ್ ರೂಜ್ ಪಡೆ ನೋಮ್ ಪೆನ್ ಹಿಡಿದು ಊರನ್ನು ಖಾಲಿ ಮಾಡಿಸಿತು. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಊರೊಳಗೆ ಬಂತು. ಕಾಂಬೋಡಿಯಾದ ಜನ ಈ ಅವಧಿಯನ್ನು ‘ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ’ ಎಂದು ಎಣಿಸಿಯೇ ಹೇಳುತ್ತಾರೆ. ಹಸಿವು, ರೋಗ, ದುಡಿಮೆ, ಕೊಲೆ ಎಲ್ಲ ಸೇರಿ ಸತ್ತವರು 15ರಿಂದ 20 ಲಕ್ಷ ಎಂದು ಅಂದಾಜು. ಟುವೊಲ್ ಸ್ಲೆಂಗ್ ಒಂದು ಪ್ರೌಢಶಾಲೆಯಾಗಿತ್ತು. 1976ರಲ್ಲಿ ಅದು ಎಸ್-21 ಎಂಬ ಸಂಕೇತದ ಜೈಲಾಯಿತು. ಮುಖ್ಯಸ್ಥ ಕಾಂಗ್ ಗೆಕ್ ಈವ್, ಪಕ್ಷದ ಹೆಸರು ಡುಚ್ (ಉಚ್ಚಾರ ಡೊಯ್ಕ್‌ಗೆ ಹತ್ತಿರ), ಮೊದಲು ಗಣಿತದ ಮೇಷ್ಟರಾಗಿದ್ದವನು. ಅಚ್ಚುಕಟ್ಟಾಗಿ ಲೆಕ್ಕ ಇಡುವ ಅವನ ಚಟದಿಂದಲೇ ಇಷ್ಟು ಕಾಗದ ಉಳಿದದ್ದು.

ಟಿಕೆಟ್, ಆಡಿಯೊ, ಸಮಯ

ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ವಿದೇಶಿ ವಯಸ್ಕರಿಗೆ ಪ್ರವೇಶ 5 ಡಾಲರ್, ಆಡಿಯೊ ಗೈಡ್‌ಗೆ ಇನ್ನೂ 5 ಡಾಲರ್. ಈ ದರಗಳು ಆಗಾಗ ಬದಲಾಗುವುದರಿಂದ ಹೊರಡುವ ಮುಂಚೆ ನೋಡಿಕೊಳ್ಳಿ. ಡಾಲರ್ ನೋಟು ಹರಿದಿರಬಾರದು, ಮೇಲೆ ಏನೂ ಗೀಚಿರಬಾರದು. ಊರಿನಲ್ಲಿ ಅಂಥ ನೋಟು ಎಲ್ಲೂ ನಡೆಯುವುದಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಬೇಕು. ಎಲ್ಲಿ ಫೋಟೊ ತೆಗೆಯಬಾರದು ಎಂದು ಫಲಕ ಇದೆಯೋ ಅಲ್ಲಿ ತೆಗೆಯಬೇಡಿ. ನಗಬೇಡಿ ಎನ್ನುವ ಫಲಕವೂ ಇದೆ. ಯಾಕಿದೆ ಎಂದು ಮಧ್ಯಾಹ್ನದ ಗುಂಪುಗಳನ್ನು ನೋಡಿದರೆ ತಿಳಿಯುತ್ತದೆ.

ಆಡಿಯೊ ಗೈಡ್ ಇಲ್ಲದೆ ಒಳಗೆ ಹೋಗಿ ಉಳಿಸಿದ 5 ಡಾಲರ್ ನಿಜಕ್ಕೂ ಉಳಿತಾಯವಲ್ಲ. ಗೋಡೆಯ ಮೇಲಿನ ಬರಹ ಅಷ್ಟು ಕಡಿಮೆ. ಆಡಿಯೊದಲ್ಲಿ ಬದುಕುಳಿದವರ ದನಿ ಇದೆ, ನ್ಯಾಯಾಲಯದ ವಿಚಾರಣೆಯ ಹೇಳಿಕೆಗಳಿವೆ, ಬೇಡವೆನಿಸಿದ ಭಾಗ ಬಿಡುವ ಸೌಲಭ್ಯವಿದೆ. ಕನ್ನಡವಂತೂ ಇಲ್ಲ, ಇಂಗ್ಲಿಷ್‌ನಲ್ಲೇ ಕೇಳಬೇಕು. ಎಲ್ಲವನ್ನೂ ಕೇಳಲು ಎರಡೂವರೆ ಗಂಟೆಯಾದರೂ ಬೇಕು. ಗುಂಪಿನಲ್ಲಿ ಬಂದವರು ಅರ್ಧಕ್ಕೆ ಕಿವಿಯಿಂದ ಕಳಚಿ ನಡೆದುಬಿಡುತ್ತಾರೆ. ಸಮಯ ಕಡಿಮೆಯಿದ್ದರೆ ಹೆಚ್ಚುವರಿ ಭಾಗಗಳನ್ನು ಬಿಟ್ಟು, ಪ್ರತಿ ಕಟ್ಟಡದ ಮುಖ್ಯ ಭಾಗವನ್ನಷ್ಟೇ ಕೂತು ಕೇಳಿ. ಅಂಗಳದ ಮರಗಳ ಕೆಳಗೆ ಬೆಂಚುಗಳಿವೆ. ಕೋಣೆಯೊಳಗೆ ನಿಂತು ಕೇಳುವುದಕ್ಕಿಂತ ಹೊರಗೆ ಕೂತು ಕೇಳಿ ಆಮೇಲೆ ಒಳಗೆ ಹೋಗುವುದು ವಾಸಿ, ಮಾತು ತಲೆಗಿಳಿಯುತ್ತದೆ. 14 ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯಬೇಡಿ. ಅವರಿಗೆ ಅದು ಬೇಡವೇ ಬೇಡ.

ಕಟ್ಟಡಗಳಲ್ಲಿ ಏನು ನೋಡಬೇಕು

ಎ, ಬಿ, ಸಿ, ಡಿ ಎಂದು ಮೂರು ಅಂತಸ್ತಿನ ನಾಲ್ಕು ಕಟ್ಟಡ. ಎ ಕಟ್ಟಡದ ಪ್ರತಿ ಕೋಣೆಯಲ್ಲೂ ಕಬ್ಬಿಣದ ಮಂಚ, ಕೋಳ, ಮದ್ದುಗುಂಡಿನ ಡಬ್ಬಿ. ಗೋಡೆಯಲ್ಲಿ ಅದೇ ಕೋಣೆಯ ದೊಡ್ಡ ಕಪ್ಪುಬಿಳುಪು ಫೋಟೊ. 1979ರ ಜನವರಿಯಲ್ಲಿ ವಿಯೆಟ್ನಾಂ ಸೇನೆಯ ಜೊತೆ ಬಂದವರು ಇಲ್ಲಿ ಹದಿನಾಲ್ಕು ಶವ ಕಂಡರು; ಅಂಗಳದಲ್ಲಿರುವ ಹದಿನಾಲ್ಕು ಬಿಳಿ ಸಮಾಧಿಗಳು ಅವರವೇ. ಇಲ್ಲಿ ಮಂಚಕ್ಕಿಂತ ನೆಲ ನೋಡಿ. ಚೌಕುಳಿ ಹಾಸುಗಲ್ಲು ಶಾಲೆಯದೇ. ಕೆಲವು ಕೋಣೆಗಳಲ್ಲಿ ಕರಿಹಲಗೆಯೂ ಉಳಿದಿದೆ.

ಸಿ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಇಟ್ಟಿಗೆಯ ಗೂಡುಗಳು, ಮೇಲಿನದರಲ್ಲಿ ಮರದವು. ಒಂದೊಂದರ ಅಳತೆ 0.8 ಮೀಟರ್ ಅಗಲ, 2 ಮೀಟರ್ ಉದ್ದ. ಅಂದರೆ ಎರಡೂವರೆ ಅಡಿಗೆ ಆರೂವರೆ ಅಡಿ. ಇಟ್ಟಿಗೆ ಕೆಲಸ ಎಷ್ಟು ಒರಟು ಎಂದರೆ ಗಾರೆ ಹೊರಗೆ ಉಕ್ಕಿ ಹಾಗೇ ಒಣಗಿದೆ. ಓಡಾಡಲು ದಾರಿ ಮಾಡಲೆಂದು ತರಗತಿಯ ಗೋಡೆಗಳನ್ನು ಒಡೆದಿದ್ದಾರೆ, ಅಂಚು ನೇರ ಮಾಡುವ ಗೋಜಿಗೂ ಹೋಗಿಲ್ಲ. ಮುಂಭಾಗದ ಮುಳ್ಳುತಂತಿ ಕೈದಿಗಳು ಮೇಲಿನಿಂದ ಹಾರಿ ಸಾಯದಿರಲಿ ಎಂದು. ತಪ್ಪೊಪ್ಪಿಗೆ ಮುಗಿಯುವ ಮುಂಚೆ ಸತ್ತರೆ ಕಡತ ಅರ್ಧಕ್ಕೆ ನಿಲ್ಲುತ್ತದಲ್ಲ.

ಡಿ ಕಟ್ಟಡದಲ್ಲಿ ಹಿಂಸೆಯ ಸಲಕರಣೆಗಳೂ ವಾನ್ ನಾಥ್ ಬರೆದ ಚಿತ್ರಗಳೂ ಇವೆ. ಪೋಲ್ ಪಾಟ್‌ನ ಭಾವಚಿತ್ರ ಬರೆಯಬಲ್ಲ ಎಂಬ ಒಂದೇ ಕಾರಣಕ್ಕೆ ಬದುಕಿದ ಕಲಾವಿದ, 2011ರಲ್ಲಿ ತೀರಿಕೊಂಡರು. ಆ ಚಿತ್ರಗಳನ್ನು ಕಲೆ ಎಂದು ಅಳೆಯಬೇಡಿ, ಅವು ಸಾಕ್ಷಿ ಹೇಳಿಕೆ. ಫೋಟೊದಲ್ಲಿ ಎಂದೂ ದಾಖಲಾಗದ ವಿಚಾರಣೆಯ ಕ್ಷಣಗಳು ಇರುವುದು ಅವುಗಳಲ್ಲಿ ಮಾತ್ರ.

ಈಗ ಬಿ ಕಟ್ಟಡಕ್ಕೆ, ಅಂದರೆ ಫೋಟೊಗಳಿಗೆ. ಈ ಮ್ಯೂಸಿಯಂ ಪ್ರಸಿದ್ಧವಾದದ್ದು ಇವುಗಳಿಂದ, ಎಡವಿರುವುದೂ ಇವುಗಳಲ್ಲೇ. ಸಾವಿರಾರು ಮುಖಗಳು ಸಾಲಾಗಿ ನಿಂತಿವೆ, ಬಹಳಷ್ಟಕ್ಕೆ ಹೆಸರಿಲ್ಲ. ಎದೆಯ ಮೇಲೆ ಸಂಖ್ಯೆ ಇದೆ, ಕೆಲವರಿಗೆ ಅಂಗಿಯ ಬದಲು ಚರ್ಮಕ್ಕೇ ಪಿನ್ ಚುಚ್ಚಿದ್ದಾರೆ. ನೋಡುವವರು ಅದನ್ನು ಕೈದಿ ಸಂಖ್ಯೆ ಎಂದುಕೊಳ್ಳುತ್ತಾರೆ. ಆದರೆ ಎಷ್ಟೋ ಫೋಟೊಗಳಲ್ಲಿ ಅದು ಆ ಸಲ ಬಂದ ತಂಡದ ಸರದಿ ಸಂಖ್ಯೆ ಅಷ್ಟೇ, ಮುಂದಿನ ಸಲ ಮತ್ತೆ ಒಂದರಿಂದ ಶುರು. ಒಂದೇ ಸಂಖ್ಯೆಯ ಹಲವು ಮುಖಗಳು ಸಿಗುವುದು ಇದರಿಂದ. ಆ ಸಂಖ್ಯೆ ಹಿಡಿದು ಪಟ್ಟಿಯಲ್ಲಿ ಹುಡುಕಿದರೆ ಯಾರನ್ನೋ ಯಾರೋ ಮಾಡಿಬಿಡುತ್ತೀರಿ. ಇನ್ನೊಂದು ತೊಡಕು: 1979ರ ಗಡಿಬಿಡಿಯಲ್ಲಿ ಮತ್ತು ಆಮೇಲಿನ ವರ್ಷಗಳಲ್ಲಿ ಎಷ್ಟೋ ಫೋಟೊಗಳು ತಮ್ಮ ಕಡತದಿಂದ ಬೇರೆಯಾದವು. 1990ರ ದಶಕದ ಆರಂಭದಲ್ಲಿ ಕ್ರಿಸ್ ರೈಲಿ, ಡಗ್ ನಿವೆನ್ ಎಂಬ ಇಬ್ಬರು ಅಮೆರಿಕನ್ ಫೋಟೊಗ್ರಾಫರುಗಳು ಧೂಳು ಹಿಡಿದಿದ್ದ ಸುಮಾರು ಆರು ಸಾವಿರ ನೆಗೆಟಿವ್ ತೊಳೆದು, ಸೂಚಿ ಮಾಡಿ, ಪ್ರಿಂಟ್ ಹಾಕದಿದ್ದರೆ ನೋಮ್ ಪೆನ್‌ನ ಸೆಕೆಗೆ ಅವು ಅಂಟಿಕೊಂಡು ಹೋಗುತ್ತಿದ್ದವು. ಆಮೇಲೆ ಅವುಗಳಲ್ಲಿ ಕೆಲವು 1997ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂನ ಗೋಡೆ ಏರಿದವು. ಸಾಯುವವರ ಮುಖ ಕಲಾಕೃತಿಯಾಯಿತೇ ಎಂಬ ತಕರಾರು ಅಂದಿನಿಂದ ನಿಂತಿಲ್ಲ. ತಕರಾರಿನಲ್ಲಿ ಹುರುಳಿದೆ. ಆ ಕ್ಯಾಮೆರಾ ಹಿಡಿದವರು ಜೈಲಿನವರು. ನಾವು ಆ ಮುಖಗಳನ್ನು ನೋಡುತ್ತಿರುವುದು ಕೊಲೆಗಾರರ ಕಣ್ಣಿನಿಂದಲೇ. ಗೋಡೆ ಇದನ್ನು ಗಟ್ಟಿಯಾಗಿ ಹೇಳಬೇಕಿತ್ತು.

ಗೋಡೆ ಹೇಳದ ಇನ್ನೂ ಎರಡು ವಿಷಯ ತಿಳಿದುಕೊಂಡು ಒಳಗೆ ಹೋದರೆ ಕಾಣುವುದೇ ಬೇರೆ. ಒಂದು, ಇಲ್ಲಿ ಕೈದಿಗಳಾಗಿ ಬಂದವರಲ್ಲಿ ಬಹುಪಾಲು ಖ್ಮೇರ್ ರೂಜ್ ಪಕ್ಷದ, ಸೇನೆಯ ತಮ್ಮವರೇ ಮತ್ತು ಅವರ ಹೆಂಡಿರು ಮಕ್ಕಳು. ಹಳೆಯ ಸರ್ಕಾರದವರು, ಮೇಷ್ಟರುಗಳು, ವಿದೇಶಿಯರು ಕೂಡ ಇದ್ದರು. ವಿದೇಶಿಯರಲ್ಲಿ ವಿಯೆಟ್ನಾಮಿನವರೇ ಹೆಚ್ಚು, ಭಾರತ ಮತ್ತು ಪಾಕಿಸ್ತಾನ ಮೂಲದವರ ಹೆಸರುಗಳೂ ಪಟ್ಟಿಯಲ್ಲಿವೆ. ಇಂದು ಪ್ರಶ್ನೆ ಕೇಳುವವನು ನಾಳೆ ಉತ್ತರ ಹೇಳುವವನಾಗುತ್ತಿದ್ದ. ಜೈಲಿನ ಕಾವಲುಗಾರರೇ ಎಷ್ಟೋ ಮಂದಿ ಕೈದಿಗಳ ಪಟ್ಟಿ ಸೇರಿದ್ದಾರೆ. ಎರಡು, ಈ ಮ್ಯೂಸಿಯಂನ ಮೊದಲ ವಿನ್ಯಾಸ ವಿಯೆಟ್ನಾಂ ಸೇನೆಯ ಕರ್ನಲ್ ಮಾಯ್ ಲಾಮ್‌ನದು. ಹೋ ಚಿ ಮಿನ್ ಸಿಟಿಯ ಯುದ್ಧಾಪರಾಧಗಳ ಮ್ಯೂಸಿಯಂ ಕಟ್ಟಿದ್ದೂ ಆತನೇ. ಜೈಲಿನಿಂದ ಬದುಕುಳಿದ ಉಂಗ್ ಪೆಚ್ ಮೊದಲ ನಿರ್ದೇಶಕ. ತಮ್ಮ ಸೇನೆ ಒಳಬಂದದ್ದು ಸರಿ ಎಂದು ಜಗತ್ತಿಗೆ ತೋರಿಸುವ ಉದ್ದೇಶ ಆ ವಿನ್ಯಾಸದಲ್ಲಿತ್ತು. ಸುಮಾರು ಮುನ್ನೂರು ತಲೆಬುರುಡೆಗಳಿಂದ ಮಾಡಿದ್ದ ಕಾಂಬೋಡಿಯಾದ ಭೂಪಟ ಆ ಕಾಲದ್ದು, 2002ರಲ್ಲಿ ತೆಗೆದರು. ಅಂಗಳದಲ್ಲಿರುವ, ಕೈದಿಗಳಿಗೆಂದು ಬರೆದ ‘ಹತ್ತು ನಿಯಮ’ದ ಫಲಕದ ಫೋಟೊ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಆದರೆ ಅದು ತನ್ನ ಕಾಲದ್ದಲ್ಲ, ಆಮೇಲೆ ಬರೆಸಿದ್ದು ಎಂದು ಡುಚ್, ಖ್ಮೇರ್ ರೂಜ್ ಅಪರಾಧಗಳ ವಿಚಾರಣೆಗೆಂದೇ ಇದ್ದ ವಿಶೇಷ ನ್ಯಾಯಾಲಯದಲ್ಲಿ ವಾದಿಸಿದ್ದ. ಡುಚ್‌ನ ಮಾತನ್ನೇ ನಂಬಬೇಕೆಂದಿಲ್ಲ. ಆದರೂ ಪಾಠದಲ್ಲಿ ಮೂಲ ದಾಖಲೆ ಎಂದು ತೋರಿಸಲು ಆ ಫಲಕಕ್ಕಿಂತ ಗಟ್ಟಿಯಾದ ಕಾಗದ ಒಳಗೆ ಎಷ್ಟೋ ಇದೆ.

ಸತ್ತವರ ಸಂಖ್ಯೆ ಒಂದೊಂದು ಕಡೆ ಒಂದೊಂದು ಇರುವುದಕ್ಕೂ ಕಾರಣವಿದೆ. ನ್ಯಾಯಾಲಯ ತನ್ನ ತೀರ್ಪಿನಲ್ಲಿ ಹೇಳಿದ್ದು ಕನಿಷ್ಠ 12,272. ಮ್ಯೂಸಿಯಂ ಬಳಸುವುದು ಸುಮಾರು 18,000. ಮೊದಲನೆಯದು ಉಳಿದ ಪಟ್ಟಿಗಳಲ್ಲಿ ಹೆಸರಿದ್ದವರ ಲೆಕ್ಕ. ಆದರೆ ಪಟ್ಟಿಗಳು ಪೂರ್ತಿ ಉಳಿದಿಲ್ಲ, ತಾಯಿಯ ಜೊತೆ ಬಂದ ಮಕ್ಕಳನ್ನು ಬಹಳ ಸಲ ಬರೆದುಕೊಂಡೇ ಇಲ್ಲ. ‘ಏಳೇ ಮಂದಿ ಉಳಿದರು’ ಎಂಬುದೂ ಹಳೆಯ ಲೆಕ್ಕ. ಜೈಲಿನಲ್ಲಿ ಜೀವಂತ ಸಿಕ್ಕ ಮಕ್ಕಳಿದ್ದರು, ಅವರಲ್ಲೊಬ್ಬರು ಡುಚ್‌ನ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ್ದಾರೆ.

‘ಜನಾಂಗಹತ್ಯೆ’ ಎಂಬ ಪದದ ಬಗ್ಗೆಯೂ ಎಚ್ಚರ ಬೇಕು. ಮ್ಯೂಸಿಯಂನ ಹೆಸರಿನಲ್ಲಿ ಆ ಪದ ಬಹು ಹಿಂದೆಯೇ ಸೇರಿತು. ಆದರೆ 2006ರಿಂದ 2022ರವರೆಗೆ ಕೆಲಸ ಮಾಡಿದ ವಿಶೇಷ ನ್ಯಾಯಾಲಯ ಡುಚ್‌ಗೆ ಶಿಕ್ಷೆ ಕೊಟ್ಟದ್ದು ಮಾನವತೆಯ ವಿರುದ್ಧದ ಅಪರಾಧ ಮತ್ತು ಯುದ್ಧಾಪರಾಧಕ್ಕೆ: 2010ರಲ್ಲಿ 35 ವರ್ಷ, 2012ರ ಮೇಲ್ಮನವಿಯಲ್ಲಿ ಜೀವಾವಧಿ. 2020ರಲ್ಲಿ ಆತ ಸತ್ತ. ಜನಾಂಗಹತ್ಯೆಯ ತೀರ್ಪು ಬಂದದ್ದು 2018ರ ನವೆಂಬರ್ 16ರಂದು, ಬೇರೊಂದು ಪ್ರಕರಣದಲ್ಲಿ. ಅದೂ ವಿಯೆಟ್ನಾಮಿ ಅಲ್ಪಸಂಖ್ಯಾತರು ಮತ್ತು ಚಾಮ್ ಮುಸ್ಲಿಮರ ಹತ್ಯೆಗೆ. ಖ್ಮೇರ್ ಜನರನ್ನು ಖ್ಮೇರ್ ಜನರೇ ರಾಜಕೀಯ ಕಾರಣಕ್ಕೆ ಕೊಂದದ್ದು 1948ರ ವಿಶ್ವಸಂಸ್ಥೆಯ ಜನಾಂಗಹತ್ಯೆ ಒಪ್ಪಂದದ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂಬುದು ಕಾನೂನಿನ ಬಿಗಿ ಓದು. ಈ ಸಾಲನ್ನು ಪಾಠ ಮಾಡುವವರು ಬಿಡಬಾರದು. ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ.

ಕಡತ ಓದುವುದು ಹೇಗೆ

ಯುನೆಸ್ಕೊ ಮತ್ತು ದಕ್ಷಿಣ ಕೊರಿಯಾದ ನೆರವಿನಿಂದ 2018ರಲ್ಲಿ ಶುರುವಾದ ಡಿಜಿಟಲೀಕರಣದ ಫಲವಾಗಿ 2021ರಿಂದ ಸಂಗ್ರಹವನ್ನು ಜಾಲತಾಣದಲ್ಲಿ ನೋಡಬಹುದು. ಬೆಂಗಳೂರಿನಲ್ಲಿ ಕೂತು ಇಷ್ಟು ಕೆಲಸ ಆಗುತ್ತದೆ ಎಂಬುದಕ್ಕೇ ಪೂರ್ಣ ಅಂಕ ಕೊಡಬೇಕು. ಖಾತೆ ತೆರೆದು ಒಳಗೆ ಹೋಗಿ. ಹುಡುಕಾಟ ಮಾತ್ರ ತಾಳ್ಮೆ ಬೇಡುತ್ತದೆ.

ಮೊದಲ ಎಡವಟ್ಟು ಹೆಸರಿನದು. ಖ್ಮೇರ್ ಹೆಸರನ್ನು ರೋಮನ್ ಲಿಪಿಗೆ ಇಳಿಸಲು ಎಲ್ಲರೂ ಒಪ್ಪಿ ಬಳಸುವ ನಿಯಮವಿಲ್ಲ. ಫ್ರೆಂಚ್ ಪದ್ಧತಿಯವರು ಒಂದು ತರ, ಇಂಗ್ಲಿಷ್‌ನವರು ಇನ್ನೊಂದು ತರ ಬರೆಯುತ್ತಾರೆ. ಒಂದು ಹೆಸರಿಗೆ ಮೂರು ನಾಲ್ಕು ಕಾಗುಣಿತ ಹಾಕಿ ನೋಡಿ. ಖ್ಮೇರ್ ಲಿಪಿಯ ರೂಪ ಎಲ್ಲಾದರೂ ಸಿಕ್ಕರೆ ಅದನ್ನೇ ನಕಲು ಮಾಡಿ ಹಾಕುವುದು ಉತ್ತಮ. ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ವಿದೇಶಿ ಬರಹಗಳಲ್ಲಿ ತಿರುಗಿರುವುದುಂಟು. ಇನ್ನು ಹೆಚ್ಚಿನವರಿಗೆ ಪಕ್ಷ ಕೊಟ್ಟ ಮತ್ತೊಂದು ಹೆಸರಿರುತ್ತದೆ. ಎರಡರ ನಡುವೆ ಬರುವ ‘ಹಾವ್’ ಎಂಬ ಪದ ನಮ್ಮ ‘ಉರುಫ್’ ಇದ್ದ ಹಾಗೆ. ಒಬ್ಬನೇ ಎರಡು ಹೆಸರಿನಲ್ಲಿ ಎರಡು ಪಟ್ಟಿಯಲ್ಲಿ ಬಂದು ಇಬ್ಬರಾಗುವುದು ಇಲ್ಲೇ.

ಎರಡನೆಯದು ಅಂಕಿ. ಖ್ಮೇರ್ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯ ಕುಡಿ. ಸೊನ್ನೆ, ಒಂದು, ಎರಡು, ಮೂರು ಕನ್ನಡದ ೦, ೧, ೨, ೩ಗೆ ಎಷ್ಟು ಹತ್ತಿರ ಎಂದರೆ ಅಕ್ಷರ ಬಾರದವರೂ ತಾರೀಕು ಓದಲು ಹೊರಡುತ್ತಾರೆ. ನಾಲ್ಕರಿಂದ ಮುಂದೆ ಕಣ್ಣನ್ನು ನಂಬಬೇಡಿ. ಅಂಕಿಗಳ ಚಾರ್ಟ್ ಪಕ್ಕದಲ್ಲಿಟ್ಟುಕೊಂಡು ಪ್ರತಿ ಸಲ ತಾಳೆ ನೋಡಿ.

ಮೂರನೆಯದು ಜೋಡಣೆ. ಒಬ್ಬ ಕೈದಿಗೆ ಫೋಟೊ, ಜೀವನವಿವರದ ಹಾಳೆ, ತಪ್ಪೊಪ್ಪಿಗೆ ಎಂದು ಮೂರು ದಾಖಲೆ ಇರಬಹುದು. ಮೂರೂ ಒಟ್ಟಿಗೆ ಉಳಿಯದವರೇ ಬಹಳ. ಮೊದಲು ಜೀವನವಿವರದ ಹಾಳೆಯಿಂದ ಶುರು ಮಾಡಿ: ಹೆಸರು, ವಯಸ್ಸು, ಹುಟ್ಟೂರು, ಮಾಡುತ್ತಿದ್ದ ಕೆಲಸ, ಹೆಂಡತಿ ಅಥವಾ ಗಂಡನ ಹೆಸರು, ಬಂಧನದ ದಿನ. ಆಮೇಲೆ ಕೊಲೆಯಾದವರ ದಿನದ ಪಟ್ಟಿಯಲ್ಲಿ ಅದೇ ಹೆಸರು, ಅದೇ ಕೆಲಸ, ಅದೇ ಘಟಕ ಇದೆಯೇ ನೋಡಿ. ಕನಿಷ್ಠ ಮೂರು ವಿವರ ಹೊಂದದಿದ್ದರೆ ಇವರೇ ಅವರು ಎಂದು ಬರೆಯಬೇಡಿ. ಫೋಟೊ ಕೊನೆಗೆ.

ತಪ್ಪೊಪ್ಪಿಗೆ ಓದುವಾಗ ಆಗುವ ತಪ್ಪೇ ಎಲ್ಲಕ್ಕಿಂತ ಗಂಭೀರ. ಅದರ ಹಂದರ ಹೆಚ್ಚುಕಡಿಮೆ ಒಂದೇ: ಬಾಲ್ಯ, ಶತ್ರುವಿನ ಗೂಢಚಾರನಾದ ಬಗೆ, ಮಾಡಿದ ದ್ರೋಹ, ಕೊನೆಯಲ್ಲಿ ಜೊತೆಗಾರರ ಪಟ್ಟಿ. ಈ ಕೊನೆಯ ಪಟ್ಟಿಗೆ ಅವರು ‘ಖ್ಸೆ’ ಎನ್ನುತ್ತಿದ್ದರು, ಎಂದರೆ ದಾರ. ಒಬ್ಬನ ಬಾಯಿಂದ ಹೊರಟ ದಾರದಲ್ಲಿ ಹತ್ತಾರು ಹೆಸರು ಪೋಣಿಸಿಕೊಂಡು ಬರುತ್ತಿತ್ತು. ಮುಂದಿನ ಬಂಧನ ಅವರದು. ಪುಟಗಳಿಗೆ ಹೆಬ್ಬೆಟ್ಟಿನ ಗುರುತು. ಅಕ್ಷರ ಓದು ಬಲ್ಲವನು ಅಮೆರಿಕದ ಗುಪ್ತಚರ ಸಂಸ್ಥೆ, ಸೋವಿಯತ್ ಗುಪ್ತಚರ ಸಂಸ್ಥೆ, ವಿಯೆಟ್ನಾಂ ಮೂರಕ್ಕೂ ಏಕಕಾಲಕ್ಕೆ ದುಡಿದೆ ಎಂದು ಸುಂದರ ಕೈಬರಹದಲ್ಲಿ ಬರೆದಿರುತ್ತಾನೆ. ಇದನ್ನು ಘಟನೆಯ ಸಾಕ್ಷಿ ಎಂದು ಬಳಸಕೂಡದು. ನ್ಯಾಯಾಲಯವೂ ಬಳಸಲಿಲ್ಲ: ಚಿತ್ರಹಿಂಸೆಯಿಂದ ಪಡೆದ ಹೇಳಿಕೆಯ ವಿಷಯವನ್ನು ನಿಜವೆಂದು ಎತ್ತಿಹಿಡಿಯುವಂತಿಲ್ಲ ಎಂಬುದು ಚಿತ್ರಹಿಂಸೆ ವಿರೋಧಿ ಒಪ್ಪಂದದ 15ನೆಯ ವಿಧಿ. ಹೇಳಿಕೆ ಪಡೆದರು ಎಂಬುದಕ್ಕೆ ಮಾತ್ರ ಅದು ಸಾಕ್ಷಿಯಾಗಬಹುದು.

ಹಾಗಾದರೆ ಓದಬೇಕಾದ್ದು ಏನನ್ನು? ಅಂಚನ್ನು. ನಮ್ಮ ಕಚೇರಿಗಳಲ್ಲಿ ಮೇಲಧಿಕಾರಿ ಕಡತದ ಪಕ್ಕದಲ್ಲಿ ಷರಾ ಬರೆಯುವಂತೆ ಡುಚ್ ಬರೆದ ಟಿಪ್ಪಣಿಗಳು ಅಲ್ಲಿವೆ: ಇದನ್ನು ಬಿಡಿಸಿ ಕೇಳು, ಈ ಹೆಸರಿಗೆ ಗೆರೆ ಎಳೆ, ಮೇಲಕ್ಕೆ ಕಳಿಸು. ಮೇಲಕ್ಕೆ ಎಂದರೆ 1977ರ ಮಧ್ಯದವರೆಗೆ ರಕ್ಷಣಾ ಮಂತ್ರಿ ಸೋನ್ ಸೆನ್‌ಗೆ, ಆಮೇಲೆ ಪಕ್ಷದಲ್ಲಿ ಪೋಲ್ ಪಾಟ್‌ನ ನಂತರದ ನಾಯಕ ನುವೊನ್ ಚೆಯಾಗೆ. ಕೈದಿಯ ಮಾತು ಸುಳ್ಳಿರಬಹುದು. ಷರಾ ಬರೆದ ಕೈ ಸುಳ್ಳಲ್ಲ. ಆದೇಶದ ಸರಪಳಿ ಸಿಗುವುದು ಅಲ್ಲಿ. ಪಟ್ಟಿಗಳಲ್ಲಿ ಪದೇ ಪದೇ ಬರುವ ಒಂದು ಪದ ‘ಕಮ್ತೆಚ್’. ಕೊಲ್ಲು ಎಂದು ಅವರು ಬರೆಯುತ್ತಿರಲಿಲ್ಲ. ಪುಡಿ ಮಾಡು, ನುಚ್ಚುನೂರು ಮಾಡು ಎಂದು ಬರೆಯುತ್ತಿದ್ದರು. ಅನುವಾದಗಳಲ್ಲಿ ಇದು ಬರೀ ‘ಮರಣದಂಡನೆ’ ಎಂದಾಗಿದ್ದರೆ ಅನುವಾದಕರು ಕೊಲೆಗೆ ಕಾನೂನಿನ ಅಂಗಿ ತೊಡಿಸಿದ್ದಾರೆ ಎಂದೇ ತಿಳಿಯಿರಿ.

ಹಳೆಯ ಸಂಶೋಧನಾ ಗ್ರಂಥಗಳ ಅಡಿಟಿಪ್ಪಣಿ ಹಿಡಿದು ಹುಡುಕುವವರಿಗೆ ಒಂದು ಮಾತು. 1990ರ ಆಸುಪಾಸಿನಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ತಪ್ಪೊಪ್ಪಿಗೆಗಳನ್ನು ಮೈಕ್ರೊಫಿಲ್ಮ್ ಮಾಡಿತು. ಆ ಕಾಲದ ವಿದ್ವಾಂಸರು ಕೊಡುವುದು ಆ ಸುರುಳಿಯ ಸಂಖ್ಯೆ. ಮ್ಯೂಸಿಯಂನ ಈಗಿನ ಸಂಖ್ಯೆ ಬೇರೆ. ಸಂಖ್ಯೆಗಿಂತ ಹೆಸರು ಮತ್ತು ತಾರೀಕಿನಿಂದ ಹುಡುಕಿದರೆ ಬೇಗ ಸಿಗುತ್ತದೆ. ಸಿಕ್ಕಿದ್ದನ್ನೆಲ್ಲ ಸಾಮಾಜಿಕ ಜಾಲತಾಣಕ್ಕೆ ಏರಿಸಬೇಡಿ. ಆ ‘ದಾರ’ದಲ್ಲಿ ದ್ರೋಹಿ ಎಂದು ಹೆಸರಿಸಿರುವವರ ಮಕ್ಕಳು ಮೊಮ್ಮಕ್ಕಳು ಅದೇ ಊರುಗಳಲ್ಲಿದ್ದಾರೆ.

ಸಂರಕ್ಷಣೆಯ ಕೆಲಸಕ್ಕೆ ಈ ಮ್ಯೂಸಿಯಂಗೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. ಅಗ್ಗದ ಕಾಗದ, ಅದರ ಆಮ್ಲವೇ ಅದನ್ನು ತಿನ್ನುತ್ತದೆ. ಗುಂಡುಪಿನ್ನು ತುಕ್ಕು ಹಿಡಿದು ತೂತು ಮಾಡುತ್ತದೆ. ವರ್ಷದಲ್ಲಿ ಆರು ತಿಂಗಳು ಮಳೆ ಮತ್ತು ತೇವ, ಜೊತೆಗೆ ಗೆದ್ದಲು. ಕೈದಿಗಳ ಬಟ್ಟೆಯದು ಇನ್ನೂ ಕಷ್ಟ. ಹಳೆಯ ಬಟ್ಟೆ ಎಂದರೆ ಮೊದಲು ಒಗೆಯಬೇಕೆನಿಸುತ್ತದೆ, ಆದರೆ ಬೆವರು, ರಕ್ತ, ಮಣ್ಣೇ ಅಲ್ಲಿನ ಸಾಕ್ಷಿ. ನೀರು ಮುಟ್ಟಿಸದೆ ಧೂಳು ತೆಗೆಯುವುದು, ತೇವ ಇಳಿಸುವುದು, ಬೂಷ್ಟು ಬೆಳೆಯದಂತೆ ಕಾಯುವುದು, ಇಷ್ಟೇ ದಾರಿ. ಸಾಮಾನ್ಯ ಪ್ರವಾಸಿಗೆ ಇದೊಂದೂ ಕಾಣುವುದಿಲ್ಲ. ಟಿಕೆಟ್ಟಿನ 5 ಡಾಲರ್ ಎಲ್ಲಿ ಹೋಗುತ್ತದೆ ಎಂದು ತೋರಿಸುವ ಒಂದು ಗಾಜಿನ ಕಿಟಕಿ ಆದರೂ ಇಟ್ಟಿದ್ದರೆ ಎನಿಸುತ್ತದೆ.

ಪಾಠ ಮಾಡುವವರಿಗೆ

ಕಾಂಬೋಡಿಯಾದಲ್ಲೇ ಈ ಪಾಠ ಬಹುಕಾಲ ಇರಲಿಲ್ಲ. ಹನ್ನೆರಡನೆಯ ತರಗತಿಯ ಪುಸ್ತಕದಲ್ಲಿ ಸೇರಿದ್ದ ಆಧುನಿಕ ಚರಿತ್ರೆಯ ಭಾಗವನ್ನು 2002ರಲ್ಲಿ ರಾಜಕೀಯ ಜಗಳಕ್ಕೆ ಸಿಲುಕಿ ಹಿಂದಕ್ಕೆ ತೆಗೆದರು. ಜಗಳ ಖ್ಮೇರ್ ರೂಜ್ ಬಗ್ಗೆಯೂ ಅಲ್ಲ, 1993ರ ಚುನಾವಣೆಯ ಬಗ್ಗೆ! ಆ ಖಾಲಿ ಜಾಗ ತುಂಬಿದ್ದು ಡಿಸಿ-ಕ್ಯಾಮ್ ಎಂಬ ದಾಖಲೆ ಕೇಂದ್ರ. 1995ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಯೋಜನೆಯ ಶಾಖೆಯಾಗಿ ಶುರುವಾಗಿ 1997ರಲ್ಲಿ ಸ್ವತಂತ್ರವಾದ ಸಂಸ್ಥೆ. ನಡೆಸುವವರು ಯೂಕ್ ಚಾಂಗ್. 1996ರಲ್ಲಿ ಸಾಂತೆಬಾಲ್‌ನ ಸುಮಾರು ಒಂದು ಲಕ್ಷ ಪುಟ ಅವರ ಕೈಸೇರಿತು. ದೇಶವನ್ನೆಲ್ಲ ಸುತ್ತಿ 196 ಜೈಲು, ಸುಮಾರು 20,000 ಸಾಮೂಹಿಕ ಹೂಳುಗುಂಡಿಗಳನ್ನು ನಕ್ಷೆಗೆ ತಂದರು. ಅವರು 2007ರಲ್ಲಿ ಪ್ರಕಟಿಸಿದ, ಖಾಂಬೊಲಿ ಡಿ ಬರೆದ ಪಠ್ಯಪುಸ್ತಕ ಖ್ಮೇರ್ ಮತ್ತು ಇಂಗ್ಲಿಷ್ ಎರಡರಲ್ಲೂ ಉಚಿತವಾಗಿ ಸಿಗುತ್ತದೆ. ಭಾಷೆ ಸರಳ, ಸಿಟ್ಟು ಕಡಿಮೆ, ನಕ್ಷೆ ಚೆನ್ನಾಗಿವೆ. ಮ್ಯೂಸಿಯಂಗೆ ಹೋಗುವ ಮುಂಚೆ ಓದಲು ಇದಕ್ಕಿಂತ ಒಳ್ಳೆಯದು ಬೇರೆ ಹುಡುಕಬೇಕಿಲ್ಲ.

ನಮ್ಮ ಪ್ರೌಢಶಾಲೆ, ಪಿಯು ತರಗತಿಗಳಲ್ಲಿ ಇದನ್ನು ಬಳಸುವವರಿಗೆ 40 ನಿಮಿಷದ ಮೂರು ಅವಧಿ ಸಾಕು. ಮೊದಲನೆಯದರಲ್ಲಿ ನಕ್ಷೆ ಮತ್ತು ತಾರೀಕು. ಎರಡನೆಯದರಲ್ಲಿ ಒಬ್ಬನೇ ಕೈದಿಯ ಜೀವನವಿವರದ ಒಂದೇ ಹಾಳೆ, ನಾಲ್ಕು ನಾಲ್ಕು ಮಂದಿಗೆ ಒಂದು ಪ್ರತಿ. ಈ ಫಾರಂ ತುಂಬಿದವರು ಯಾರು, ಯಾರಿಗಾಗಿ, ಯಾವ ಅಂಕಣ ಖಾಲಿ, ಏನನ್ನು ಕೇಳಿಯೇ ಇಲ್ಲ, ಈ ನಾಲ್ಕೇ ಪ್ರಶ್ನೆ. ಮೂರನೆಯದರಲ್ಲಿ ನ್ಯಾಯಾಲಯ ಇದೇ ಬಗೆಯ ಕಾಗದವನ್ನು ಹೇಗೆ ಬಳಸಿತು ಎಂಬುದು. ಕೆಡುವುದು ಎಲ್ಲಿ ಎಂದರೆ, ಮೇಷ್ಟರು ಮೊದಲ ದಿನವೇ ಎ ಕಟ್ಟಡದ ಫೋಟೊ ತೋರಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ಮಕ್ಕಳ ತಲೆಯಲ್ಲಿ ಬೇರೇನೂ ಇಳಿಯುವುದಿಲ್ಲ. ನೀನು ಕಾವಲುಗಾರ, ನೀನು ಕೈದಿ ಎಂದು ಪಾತ್ರ ಹಂಚಿ ಆಡಿಸುವುದಂತೂ ಕೂಡದು. ಅದರಿಂದ ಮಕ್ಕಳು ಕಲಿಯುವುದು ನಾಟಕವನ್ನೇ ಹೊರತು ಚರಿತ್ರೆಯನ್ನಲ್ಲ.

ಕೈದಿಗಳನ್ನು ಕೊಂದು ಹೂತ ಬಯಲು ಚೊಯಂಗ್ ಏಕ್ ಸೇರಿಸಿಕೊಳ್ಳಬೇಕೇ? ಸೇರಿಸಿಕೊಳ್ಳಿ, ಆದರೆ ಟುವೊಲ್ ಸ್ಲೆಂಗ್ ಮೊದಲು, ಅದು ಆಮೇಲೆ, ಸಾಧ್ಯವಾದರೆ ಮರುದಿನ. ಊರಿನಿಂದ ಸುಮಾರು 15 ಕಿಲೋಮೀಟರ್. ಗ್ರ್ಯಾಬ್ ಅಥವಾ ಪಾಸ್‌ಆ್ಯಪ್‌ನಲ್ಲಿ ಟುಕ್‌ಟುಕ್ ಕರೆಸಿ, ವಾಪಸ್ ಬರುವುದಕ್ಕೂ ಅಲ್ಲೇ ಮಾತಾಡಿಕೊಳ್ಳಿ. ಎಸ್-21ರ ಕೈದಿಗಳನ್ನು ರಾತ್ರಿ ಲಾರಿಯಲ್ಲಿ ತಂದು ಕೊಂದದ್ದು ಇಲ್ಲಿ. 129 ಗುಂಡಿಗಳಲ್ಲಿ 86ನ್ನು 1980ರಲ್ಲಿ ಅಗೆದು 8,985 ಮಂದಿಯ ಅವಶೇಷ ತೆಗೆದರು. ಉಳಿದ 43ನ್ನು ಮುಟ್ಟಿಲ್ಲ. 1988ರ ಗಾಜಿನ ಸ್ತೂಪದಲ್ಲಿ ತಲೆಬುರುಡೆಗಳಿವೆ. ಅವುಗಳ ಮೇಲಿನ ಬಣ್ಣದ ಚುಕ್ಕಿಗಳನ್ನು ಅಲಂಕಾರ ಎಂದುಕೊಳ್ಳಬೇಡಿ: ಗಂಡೋ ಹೆಣ್ಣೋ, ವಯಸ್ಸೆಷ್ಟು, ಯಾವ ಆಯುಧದ ಪೆಟ್ಟು ಎಂದು ತಜ್ಞರು ವಿಂಗಡಿಸಿ ಅಂಟಿಸಿದ ಗುರುತು ಅವು. ಬಣ್ಣದ ಕೀಲಿ ಅಲ್ಲೇ ಬರೆದಿದೆ, ಓದಿಕೊಂಡು ಒಳಗೆ ಹೋಗಿ. ಇಲ್ಲಿನ ಆಡಿಯೊ ಟುವೊಲ್ ಸ್ಲೆಂಗ್‌ನದಕ್ಕಿಂತ ಚಿಕ್ಕದು, ಬಿಗಿಯಾದದ್ದು, ಕೇಳಲು ಹಿತ.

ಮಳೆಗಾಲದಲ್ಲಿ ಹೋದರೆ ಮರದ ಹಲಗೆಯ ದಾರಿ ಬಿಟ್ಟು ಇಳಿಯಬೇಡಿ. ಪ್ರತಿ ಮಳೆಗೂ ಮಣ್ಣು ಜರುಗಿ ಮೂಳೆಯ ಚೂರು, ಹಲ್ಲು, ಅಂಗಿಯ ತುಂಡು ಮೇಲೆ ಬರುತ್ತವೆ. ಕಂಡರೆ ಮುಟ್ಟಬೇಡಿ, ಎತ್ತಿ ಬದಿಗಿಡಲೂ ಹೋಗಬೇಡಿ. ಅಲ್ಲಿಯ ಸಿಬ್ಬಂದಿಗೆ ಜಾಗ ತೋರಿಸಿ. ಆಗಾಗ ಬಂದು ಅವನ್ನು ಆರಿಸಿಕೊಳ್ಳುವುದು ಅವರ ಕೆಲಸ.